ಹದಿನೇಳಕ್ಕೆ ಉಡುವ ಸೀರೆಗಳು

ಸೀರೆ ಯಾವತ್ತು ಉಡುತ್ತಾರೆಂದು ತಿಳಿಯದೆ ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಮಗ್ಗಕ್ಕೆ ಹಾಸು ಏರಿಸುವುದಿಲ್ಲ. ದಿನ ಕೇಳದೆ ನೇಯ್ದ ಸೀರೆ ಹೆಣದ ಮೇಲೆ ಬೀಳುತ್ತದೆ ಎನ್ನುತ್ತಿದ್ದಳು ನನ್ನ ಅಜ್ಜಿ. ಬೇರೆ ನೇಕಾರರು ಕೇಳಿ ನಗುತ್ತಾರೆ. ನಗಲಿ. ಅಂಗಡಿಯವರು ಯಾವುದೋ ಒಂದು ಮದುವೆಯ ಮುಹೂರ್ತ ಹೇಳಿ ನನ್ನ ಬಾಯಿ ಮುಚ್ಚಿಸುತ್ತಾರೆ. ನನಗೆ ಅಷ್ಟು ಸಾಕು.

ಹಾಗಾಗಿ ವಿಶಾಖಪಟ್ಟಣದಿಂದ ರಜಿನಿ ಎಂಬಾಕೆ ಫೋನು ಮಾಡಿದಾಗಲೂ ನಾನು ಮೊದಲು ಕೇಳಿದ್ದು ಅದನ್ನೇ.

ಆಕೆ ಜೇನಿನಂಥ ತೆಲುಗು ಮಾತಾಡಿದಳು. ನಮ್ಮ ದೇಶದ ಹಡಗುಗಳೂ ಮಿತ್ರದೇಶದ ಹಡಗುಗಳೂ ಕೂಡಿ ಸಮುದ್ರದಲ್ಲಿ ಸಮರಾಭ್ಯಾಸ ಮಾಡುತ್ತವಂತೆ. ಮುಗಿಸಿ ಬಂದರಿಗೆ ಬಂದ ದಿನ ಆ ದೇಶದ ಅಧಿಕಾರಿಗಳ ಹೆಂಡತಿಯರಿಗೆ ಇಪ್ಪತ್ತು ಸೀರೆ ಉಡಿಸಬೇಕಂತೆ. "ನಿಮ್ಮ ಮಗನೂ ಆ ಹಡಗಿನಲ್ಲೇ ಇದ್ದಾರಲ್ಲ, ಅದಕ್ಕೇ ನಿಮಗೇ ಕೊಡೋಣ ಅಂತ" ಎಂದಳು. ನನ್ನ ಎದೆ ಉಬ್ಬಿತು. ಕೊಟ್ರೇಶ ನೌಕಾಪಡೆಯಲ್ಲಿರುವುದು ಆಕೆಗೆ ಹೇಗೆ ಗೊತ್ತಾಯಿತೆಂದು ಕೇಳುವ ಬುದ್ಧಿ ಈ ಮುದಿಗೂಬೆಗೆ ಬರಲಿಲ್ಲ.

"ಹಡಗು ಬರುವ ದಿನ ನಮಗೆ ಯಾರೂ ಹೇಳುವುದಿಲ್ಲ. ನೀವೇ ಮಗನನ್ನು ಕೇಳಿ" ಎಂದಳು.

ಕೇಳಿದೆ. ಒಂದೇ ದಿನ ಮೂರು ಸಲ ಕೇಳಿದೆ.

"ಅಪ್ಪಾ, ಅದನ್ನ ಹೇಳಾಕ ಬರಂಗಿಲ್ಲ. ಹುಕುಂ ಐತಿ" ಎಂದ ಕೊಟ್ರೇಶ. "ನೀ ಯಾವುದಾರ ಒಂದು ದಿನ ಹಿಡಕೊಂಡು ಹಾಸು ಏರಿಸು."

"ಸುಳ್ಳು ದಿನ ಇಟ್ಟು ನೇಯಲೇನು? ಅದೂ ನಿನ್ನ ಹಡಗಿನ ಸೀರಿ? ನೀರಿನ ಮ್ಯಾಲ ಇರಾಂವ ನೀನು. ನಾಳೆ ನಿನಗೇನಾರ ಆದ್ರ ನಿಮ್ಮವ್ವಗ ನಾ ಏನು ಹೇಳಲಿ?"

ಅವನೂ ಅಜ್ಜಿಯ ಆ ಮಾತು ಕೇಳಿಯೇ ಬೆಳೆದವನು.

"ಹದಿನೇಳು" ಎಂದ. "ಎರಡು ದಿನ ಮೊದಲು ಎಣ್ಣಿ ತುಂಬಿಸಾಕ ಕಾಕಿನಾಡದಾಗ ನಿಲ್ತೀವಿ. ಯಾರ ಮುಂದೂ ಅನಬ್ಯಾಡ."

ಅರ್ಧ ಗಂಟೆಯಲ್ಲಿ ರಜಿನಿಗೆ ಹೇಳಿಬಿಟ್ಟೆ. ಹಡಗು ಮೊದಲೇ ಎಲ್ಲಾದರೂ ನಿಂತರೆ ಹತ್ತು ಸೀರೆ ಅಲ್ಲಿಗೇ ತಲುಪಿಸಿ ಎಂದಳು. ಕಾಕಿನಾಡದ ಹೆಸರನ್ನೂ ಹೇಳಿದೆ.

ಕಂಡಿಕೆಗೆ ನೂಲು ಸುತ್ತುತ್ತಿದ್ದ ನನ್ನ ಹೆಂಡತಿ ಚನ್ನವೀರಮ್ಮ ತಲೆಯೆತ್ತಿದಳು. "ಇಪ್ಪತ್ತು ಸೀರಿ ಬೇಕನ್ನಾಕಿ ಬಣ್ಣ ಯಾವುದಂತ ಹೇಳಲಿಲ್ಲಲ್ರೀ."

"ನಿಂದೊಂದು" ಎಂದು ಗದರಿದೆ. ಆದರೆ ಆ ಮಾತು ಹಲ್ಲಿಗೆ ಸಿಕ್ಕ ನಾರಿನಂತೆ ಕಾಡತೊಡಗಿತು.

ಮರುದಿನ ರೇಷ್ಮೆ ತರಲು ಗದ್ವಾಲಕ್ಕೆ ಹೊರಟವನು ಮಕ್ತಲ್‌ನಲ್ಲಿ ಬಸ್ಸು ಬದಲಿಸುವಾಗ, ಬಣ್ಣ ಕೇಳೋಣವೆಂದು ರಜಿನಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಕೊಟ್ರೇಶನಿಗೆ ಮಾಡಿದೆ. ಅದೂ ಸ್ವಿಚ್ ಆಫ್. ಚಹಾದಂಗಡಿಯ ಟೀವಿಯಲ್ಲಿ ಎರಡೂ ದೇಶದ ಹಡಗುಗಳು ಜೋಡಿಯಾಗಿ ಸಾಗುತ್ತಿದ್ದವು. ಕೂತವರು ಹೆಮ್ಮೆಯಿಂದ ನೋಡುತ್ತಿದ್ದರು. ನಾನು ಚಹಾ ಹಾಗೇ ಬಿಟ್ಟು ಎದ್ದೆ. ರೇಷ್ಮೆ ತರದೆ ಮನೆಗೆ ತಿರುಗಿದೆ. ದಿನಾ ಎರಡೂ ನಂಬರಿಗೆ ಮಾಡಿದೆ.

ಐದನೆಯ ದಿನ ಇಬ್ಬರು ಬಂದರು. ಸರ್ಕಾರದವರೆಂದು ಗುರುತಿನ ಚೀಟಿ ತೋರಿಸಿದರು. ಹಿರಿಯವನು ದೇವೇಂದ್ರಪ್ಪ, ರಾಯಚೂರು ಕಡೆಯವನು. ನೀರು ಕುಡಿದು ಲೋಟ ಕೆಳಗಿಟ್ಟು ಫೋನು ತೆರೆದ. ಅದರೊಳಗಿಂದ ನನ್ನದೇ ದನಿ ಬಂತು. ಹದಿನೇಳು. ಕಾಕಿನಾಡ.

"ಆಕಿ ರಜಿನಿ ಅಲ್ರೀ ತಾಯಪ್ಪನವರೆ, ನಮ್ಮ ಹಡಗಿನ ಸುದ್ದಿ ವೈರಿಗಳಿಗೆ ಮುಟ್ಟಿಸಾಕಿ. ಆಕಿ ಫೋನಿನ ಮ್ಯಾಲ ನಾವು ಮೊದಲಿಂದ ಕಣ್ಣಿಟ್ಟಿದ್ವಿ. ಹಡಗಿನ ದಾರಿ ಬದಲು ಮಾಡ್ಯಾರ. ಈ ತಾರೀಖು ನಿಮಗ ಯಾರು ಹೇಳಿದ್ರು?"

"ಟೀವಿಯಾಗ ನೋಡಿದ್ದೆ" ಎಂದೆ.

"ಟೀವಿಯಾಗ ಬಂದಿಲ್ಲ." ಅವನು ದನಿ ಏರಿಸಲಿಲ್ಲ. "ನಿಮ್ಮ ಮಗನ್ನ ಹಡಗಿನಿಂದ ಇಳಿಸಿ ನಾಲ್ಕು ದಿನ ಆತು. ಯಾರಿಗೂ ಹೇಳಿಲ್ಲ ಅಂತ ಒಂದೇ ಮಾತು ಹಿಡಿದಾನ. ನಿಮ್ಮ ಹೆಸರು ಇನ್ನೂ ಅವನ ಬಾಯಿಗೆ ಬಂದಿಲ್ಲ."

ನನ್ನನ್ನು ಉಳಿಸಲು ಮಗ ಎಲ್ಲೋ ಒಂದು ಕೋಣೆಯಲ್ಲಿ ಕೂತಿದ್ದಾನೆ. ತಪ್ಪು ನನ್ನದೆಂದು ಒಪ್ಪಿದರೆ ಅವನನ್ನು ಬಿಟ್ಟಾರು ಎನಿಸಿತು.

"ಅವನೇ ಹೇಳಿದ್ರೀ" ಎಂದೆ. "ಆದ್ರ ನಾನೇ ಬಲವಂತ ಮಾಡಿದೆ. ಮೂರು ಸಲ ಒಲ್ಲೆ ಅಂದ. ಸಾವಿನ ಮಾತು ಎತ್ತಿ ಹೆದರಿಸಿದೆ. ಇದನ್ನೆಲ್ಲ ಬರಕೊಳ್ರಿ."

ಕಿರಿಯವನು ತಲೆ ತಗ್ಗಿಸಿ ಬರೆದ. ಬಹಳ ಬೇಗ ಮುಗಿಸಿದ. ಕಾಗದ ನನ್ನ ಮುಂದಿಟ್ಟ. ಅದರಲ್ಲಿ ಒಂದೇ ಸಾಲಿತ್ತು: ತಾರೀಖನ್ನೂ ಬಂದರಿನ ಹೆಸರನ್ನೂ ನನಗೆ ನನ್ನ ಮಗ ಕೊಟ್ರೇಶನೇ ಹೇಳಿದ.

"ಉಳಿದದ್ದು?" ಎಂದೆ.

"ನಾವು ಕೇಳಿದ್ದು ಇಷ್ಟೇ ರೀ" ಎಂದು ದೇವೇಂದ್ರಪ್ಪ ಪೆನ್ನು ನನ್ನ ಕೈಗೆ ಕೊಟ್ಟ.