ಕುಂಬಾಳ ಪೂರ್ವದ ಗೋಡೆ

ಮಣ್ಣಿನ ಮನೆಗಳ ಊರಾದ ಜೆನ್ನೆಯಲ್ಲಿ ಪ್ರತಿ ಮನೆಗೂ ಅದರದೇ ಮೇಸ್ತ್ರಿ ಇರುತ್ತಾನೆ. ತಂದೆ ಮಣ್ಣು ಮೆತ್ತಿದ ಮನೆಗೆ ಮಗ ಮೆತ್ತುತ್ತಾನೆ. ಅವನು ಬದುಕಿರುವ ತನಕ ಬೇರೆ ಮೇಸ್ತ್ರಿಯ ಕೈ ಆ ಗೋಡೆಯನ್ನು ಮುಟ್ಟುವುದಿಲ್ಲ. ಮುಟ್ಟಬೇಕಾದರೆ ಆ ಮನೆಯ ಮೇಸ್ತ್ರಿಯೇ ಹಿರಿಯ ಮೇಸ್ತ್ರಿಯ ಎದುರು ನಿಂತು ತನ್ನ ಬಾಯಿಂದಲೇ ಮನೆಯನ್ನು ಬಿಟ್ಟುಕೊಡಬೇಕು. ಹಾಗೆ ಬಿಟ್ಟ ಮನೆ ಅವನ ಮಕ್ಕಳಿಗೂ ಮರಳುವುದಿಲ್ಲ. ಈ ನಿಯಮದಿಂದ ಊರಿನ ಗೋಡೆಗಳು ಉಳಿದಿವೆ. ಮೇಸ್ತ್ರಿ ಕೊಮುಸಾನಂಥವನಾದಾಗ ಮಾತ್ರ ಅದು ಮನೆಯವರ ಕೊರಳಿಗೆ ಕುಣಿಕೆಯಾಗುತ್ತದೆ.

ಕೊಮುಸಾ ಸೋಮಾರಿಯಾಗಿರಲಿಲ್ಲ. ಬೆಳಗಿನ ನಮಾಜು ಮುಗಿಸಿ ಹೊರಟವನು ಸಂಜೆ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡೇ ಹಿಂತಿರುಗುತ್ತಿದ್ದ. ಅವನ ಅಂಗೈ ಗೋಡೆಯ ಮೇಲೆ ಓಡಿದಂತೆ ಊರಿನಲ್ಲಿ ಇನ್ನಾರ ಕೈಯೂ ಓಡುತ್ತಿರಲಿಲ್ಲ. ಆದರೆ ಮೊದಲ ಲೇಪ ಮುಗಿದೊಡನೆ ಅವನಿಗೆ ಇನ್ನೊಂದು ಮನೆ ನೆನಪಾಗುತ್ತಿತ್ತು. ಮೊದಲ ಲೇಪ ಸಂತೋಷದ ಕೆಲಸ: ಮಣ್ಣು ದಪ್ಪ, ಬದಲಾವಣೆ ಕಣ್ಣಿಗೆ ಕಾಣುತ್ತದೆ, ದಾರಿಹೋಕರು ನಿಂತು ಹೊಗಳುತ್ತಾರೆ. ಅದು ಒಣಗಿ ಬಿರುಕು ಬಿಟ್ಟ ಮೇಲೆ ಎರಡನೆಯ ಲೇಪ ಬರಬೇಕು. ಅದು ತೆಳು, ಬಿರುಕು ಬಿರುಕನ್ನೂ ಹುಡುಕಿ ತುಂಬಬೇಕು, ನಿಂತು ನೋಡುವವರಿಲ್ಲ. ಆ ವರ್ಷ ಕೊಮುಸಾ ಐದು ಮನೆಗಳನ್ನು ಮೊದಲ ಲೇಪದಲ್ಲೇ ಬಿಟ್ಟಿದ್ದ. ಐದು ಅರ್ಧಗಳು ಕೂಡಿದರೆ ಎರಡೂವರೆ ಎಂಬುದು ಲೆಕ್ಕದ ಮಾತು. ಮಳೆಯ ಮುಂದೆ ಅದು ಸೊನ್ನೆ.

ಆ ಐದರಲ್ಲಿ ಕುಂಬಾಳ ಮನೆ ಒಂದು. ಕುಂಬಾ ವಿಧವೆ, ಸಂತೆಯ ಮೂಲೆಯಲ್ಲಿ ಸಜ್ಜೆಯ ಕಡುಬು ಮಾರಿ ಬದುಕುವವಳು. ಚಳಿಗಾಲದಲ್ಲಿಯೇ ಅವಳು ನದಿಯಿಂದ ಮಣ್ಣು ಹೊರಿಸಿ, ಭತ್ತದ ಹೊಟ್ಟು ಬೆರೆಸಿ, ಬಾಗಿಲ ಮುಂದಿನ ಗುಂಡಿಯಲ್ಲಿ ಕೊಳೆಯಲು ಹಾಕಿದ್ದಳು. ಕೊಳೆತ ಮಣ್ಣು ಒಣಗಿದರೆ ಕೆಟ್ಟಿತು. ಆದ್ದರಿಂದ ದಿನವೂ ನೀರು ಹೊಯ್ದು ತಾನೇ ಅದನ್ನು ತುಳಿಯುತ್ತಿದ್ದಳು. ಮಣ್ಣು ಕಪ್ಪಾಗಿ, ನಾರಿ, ಅಂಟು ಬಂದು ಸಿದ್ಧವಾಗಿತ್ತು. ಸಿದ್ಧನಾಗದವನು ಮೇಸ್ತ್ರಿ ಮಾತ್ರ.

ಬಿರುಕು ಬಿಟ್ಟ ಮೊದಲ ಲೇಪ ಬರಿಯ ಗೋಡೆಗಿಂತ ಅಪಾಯದ್ದು. ನೀರು ಬಿರುಕಿನೊಳಗೆ ಇಳಿದು ಲೇಪವನ್ನು ಎಬ್ಬಿಸುತ್ತದೆ. ಬೀಳುವಾಗ ಲೇಪ ಗೋಡೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಮೊದಲ ಬಿರುಗಾಳಿಗಳು ಬರುವುದು ಪೂರ್ವದಿಂದ. ಕುಂಬಾಳ ಕೋಣೆಯ ಪೂರ್ವದ ಗೋಡೆ ಆ ಗಾಳಿಗೆ ಎದೆಯೊಡ್ಡಿ ನಿಂತಿತ್ತು.

ಆಕಾಶದ ಅಂಚು ತಾಮ್ರದ ಬಣ್ಣಕ್ಕೆ ತಿರುಗಿದ ದಿನ ಅವಳು ಹಿರಿಯ ಮೇಸ್ತ್ರಿ ಸೊರಿಯ ಅಂಗಳಕ್ಕೆ ಹೋದಳು. ಸೊರಿ ಕೊಮುಸಾನಿಗೆ ಹೇಳಿಕಳುಹಿಸಿದ.

"ಮೆತ್ತೋನಾದ್ರೆ ಮೆತ್ತು," ಎಂದ ಸೊರಿ. "ಇಲ್ಲಾಂದ್ರೆ ಮನೆ ಬಿಟ್ಟೆ ಅಂತ ಒಂದು ಮಾತು ಹೇಳು. ಇನ್ನೊಬ್ಬ ನಾಳೆ ಬೆಳಿಗ್ಗೆಯೇ ಏಣಿ ಹಾಕ್ತಾನೆ."

"ನಮ್ಮಪ್ಪನ ಮನೆ ಅದು, ಯಜಮಾನ್ರೇ. ಹೇಗೆ ಬಿಡ್ಲಿ?"

"ಹಾಗಾದ್ರೆ ಮೆತ್ತು."

"ಮೆತ್ತೇ ಮೆತ್ತುತೀನಿ. ಮೀನಿನ ಅಂಗಡಿಯೋರದ್ದು ಒಂಚೂರು ಬಾಕಿ ಇದೆ, ಅದಾದ ಕೂಡ್ಲೇ..."

"ಬಿಡ್ತೀಯೋ, ಇಲ್ವೋ?"

ಕೊಮುಸಾ ನೆಲ ನೋಡಿದ. "ಯೋಚನೆ ಮಾಡಿ ನಾಳೆ ಹೇಳ್ತೀನಿ."

ಅಂಗಳದಲ್ಲಿದ್ದ ಇತರ ಮೇಸ್ತ್ರಿಗಳು ನಕ್ಕರು. ಸೊರಿ ನಗಲಿಲ್ಲ. "ಕೆಲಸ ನಾಳೆಗೆ ಇಡೋರನ್ನ ಬೇಕಾದಷ್ಟು ನೋಡಿದೀನಿ. ಕೆಲಸ ಬೇಡ ಅನ್ನೋದನ್ನೂ ನಾಳೆಗೆ ಇಟ್ಟೋನು ನೀನೊಬ್ನೇ ಕಣಯ್ಯ."

ಕುಂಬಾ ಎದ್ದುಹೋದಳು.

ಮರುದಿನ ಬೆಳಿಗ್ಗೆ ಸುದ್ದಿ ಕೊಮುಸಾನ ಮನೆ ಮುಟ್ಟಿತು. ಕುಂಬಾ ತನ್ನ ಚಾಪೆಯನ್ನು ಪೂರ್ವದ ಗೋಡೆಯ ಬುಡಕ್ಕೆ ಎಳೆದು, ಕೋಣೆಯ ಬಾಗಿಲಿಗೆ ಒಳಗಿನಿಂದ ಅಡ್ಡಮರ ಹಾಕಿಕೊಂಡಿದ್ದಳು. ಅವನು ಓಡಿದ. ಬೀದಿಯಲ್ಲಿ ಜನ ಸೇರಿದ್ದರು. ಪೂರ್ವದಲ್ಲಿ ಮೋಡ ಇನ್ನೂ ಕಟ್ಟಿರಲಿಲ್ಲ. ಆದರೆ ಗಾಳಿ ಪೂರ್ತಿ ನಿಂತುಹೋಗಿತ್ತು. ಬಿರುಗಾಳಿಗೆ ಮುಂಚೆ ಗಾಳಿ ಹೀಗೇ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ಅವ್ವಾ, ಬಾಗ್ಲು ತೆಗಿ! ಗೋಡೆ ಬಿದ್ರೆ ಏನು ಗತಿ?"

ಒಳಗಿನಿಂದ ಧ್ವನಿ ಶಾಂತವಾಗಿ ಬಂತು. "ಯಾಕೆ ಬೀಳತ್ತೆ? ನನಗೊಬ್ಬ ಮೇಸ್ತ್ರಿ ಇದಾನೆ. ಮೆತ್ತುತೀನಿ ಅಂದಿದಾನೆ."

"ನಿನ್ನ ಕಾಲು ಹಿಡೀತೀನಿ, ಹೊರಗೆ ಬಾ."

"ಕಾಲು ಹಿಡಿಯೋಕೆ ನಿನಗೆ ಪುರಸೊತ್ತು ಎಲ್ಲಿದೆ ಮಗನೇ? ಮೀನಂಗಡಿದು ಬಾಕಿ ಇದೆಯಲ್ಲ."

ಯಾರೋ ಬಾಗಿಲು ಒಡೆಯೋಣ ಎಂದರು. ಚೌಕಟ್ಟು ಅದೇ ಗೋಡೆಗೆ ಕಟ್ಟಿದ್ದು. ಒಡೆದರೆ ಮಳೆಗೆ ಮುಂಚೆಯೇ ಗೋಡೆ ಬೀಳುತ್ತಿತ್ತು.

ಸೊರಿ ಬಂದು ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದ. ಮುಟ್ಟಲಿಲ್ಲ. "ಮಧ್ಯಾಹ್ನದ ನಮಾಜಿನೊಳಗೆ ಮೆತ್ತಿದ್ದು ಈ ಬಿಸಿಲಿಗೆ ಬಿಗೀತದೆ. ಆಮೇಲೆ ಮೆತ್ತಿದ್ದು ದೇವರ ಚಿತ್ತ. ನೆತ್ತಿಯಿಂದ ಇಳಿ. ಮೇಲಿಂದ ನೀರು ಹೊಕ್ಕಿದ್ರೆ ಕೆಳಗೆ ಎಷ್ಟು ಮೆತ್ತಿದ್ರೂ ದಂಡ."

"ಮಣ್ಣು ಎತ್ತಿ ಕೊಡೋರು?" ಎಂದ ಕೊಮುಸಾ.

ಎಪ್ಪತ್ತು ದಾಟಿದ ಸೊರಿ ತನ್ನ ನಿಲುವಂಗಿಯನ್ನು ಕಳಚಿ, ಮಡಿಸಿ, ಪಕ್ಕದವರ ಜಗಲಿಯ ಮೇಲೆ ಇಟ್ಟು ಗುಂಡಿಗೆ ಇಳಿದ. ಬೇರೆಯವರ ಗೋಡೆಯನ್ನು ಮುಟ್ಟಬಾರದೆಂದು ನಿಯಮವಿದೆ. ಮಣ್ಣು ಹೊರಬಾರದೆಂದು ಇಲ್ಲ. ಹಿರಿಯ ಮೇಸ್ತ್ರಿ ಇಳಿದದ್ದನ್ನು ಕಂಡು ಉಳಿದ ಮೇಸ್ತ್ರಿಗಳೂ ಇಳಿದರು. ಬುಟ್ಟಿಗಳು ಕೈಯಿಂದ ಕೈಗೆ ಮೇಲೇರಿದವು.

ಕೊಮುಸಾ ಗೋಡೆಯಿಂದ ಹೊರಚಾಚಿದ ತಾಳೆಮರದ ತುಂಡುಗಳನ್ನು ಹಿಡಿದು ಹತ್ತಿ, ನೆತ್ತಿಯ ಎಡತುದಿಯಲ್ಲಿ ಮೊದಲ ಹಿಡಿ ಒತ್ತಿದ. ಬಿರುಕುಗಳು ಅವನ ಕಣ್ಣ ಮುಂದೆ ಹರಡಿದ್ದವು. ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಅವನ ಕಣ್ಣು ಕೆಳಗಿನ ಬೀದಿಯತ್ತ ಜಾರಿತು. ಇಂಥ ಹೊತ್ತಿನಲ್ಲಿಯೇ ಅವನು ಏಣಿ ಇಳಿದು ಬೇರೆ ಕಡೆ ಹೋಗುತ್ತಿದ್ದುದು. ಅವನು ಗೋಡೆಯನ್ನು ನೋಡುವುದನ್ನು ಬಿಟ್ಟು ಒಂದು ಬಿರುಕನ್ನು ನೋಡಿದ. ಬೆರಳಿನಿಂದ ಅದರ ಆಳಕ್ಕೆ ಮಣ್ಣು ತುರುಕಿ, ಅಂಗೈಯಿಂದ ಸವರಿ, ಅದು ಮುಚ್ಚಿದ ಮೇಲೆ ಅದರ ಪಕ್ಕದ್ದಕ್ಕೆ ಹೋದ.

ಬಿಸಿಲು ಬೆನ್ನನ್ನು ಸುಟ್ಟಿತು. ನೆತ್ತಿ ಮುಗಿದು ಅವನ ಕಾಲುಗಳು ಒಂದು ಸಾಲು ಕೆಳಗಿನ ತುಂಡುಗಳಿಗೆ ಇಳಿದವು. ಆಗ ಬೀದಿಯ ತುದಿಯಿಂದ ಕೂಗು ಕೇಳಿತು.

"ಏಯ್, ಮೀನು ನೆಕ್ಕೋನೇ! ನನ್ನ ಗುಲಾಮ ಯಾರ ಗೋಡೆ ಮೇಲೆ ಹಲ್ಲಿ ಥರ ಅಂಟ್ಕೊಂಡಿದಾನೆ?"

ಈರುಳ್ಳಿ ವ್ಯಾಪಾರಿ ಒಗೊಬಾರಾ ಬಂದಿದ್ದ. ಅವನು ಬೆಟ್ಟದ ಕಡೆಯ ದೊಗೋನ್ ಕುಲದವನು, ಕೊಮುಸಾ ನದಿಯ ಮೀನುಗಾರರ ಬೋಜೊ ಕುಲದವನು. ಅವರ ಮುತ್ತಜ್ಜಂದಿರ ಕಾಲದಿಂದ ಈ ಎರಡು ಕುಲದವರು ಪರಸ್ಪರ ಬೈಯದೆ ಮಾತು ಶುರುಮಾಡುವುದಿಲ್ಲ, ಬೈದದ್ದಕ್ಕೆ ಸಿಟ್ಟಾಗುವುದೂ ಇಲ್ಲ.

"ಗುಲಾಮ ನೀನು. ಬೆಟ್ಟದಿಂದ ನಿಮ್ಮಜ್ಜನನ್ನ ಈರುಳ್ಳಿ ಗೊಂಚಲಿನ ಜೊತೆ ತಂದಿದ್ದು ನಾವೇ," ಎಂದ ಕೊಮುಸಾ, ತಿರುಗಿ ನೋಡದೆ.

"ತಮಾಷೆ ಸಾಕು. ನನ್ನ ಗೋದಾಮಿನ ಮಾಳಿಗೆ ಮೇಲೆ ನೀರು ಹೋಗೋ ದೋಣಿ ಸುತ್ತ ಮೆತ್ತದೆ ಬಾಯಿ ತೆರೆದಿಟ್ಟು ಹೋದೆಯಲ್ಲ, ಇಡೀ ವರ್ಷದ ಈರುಳ್ಳಿ ಕೆಳಗಿದೆ. ಒಂದು ಬುಟ್ಟಿ ಮಣ್ಣಿನ ಕೆಲಸ. ಬಾ, ಹೋಗಿ ಬರೋಣ."

ಮಾತು ನಿಜ. ಒಂದು ಬುಟ್ಟಿಯ ಕೆಲಸ, ಎರಡು ಓಣಿಯ ದೂರ. ಹೊಸ ಜಾಗ, ಬೇಗ ಮುಗಿಯುವ ಕೆಲಸ, ಮುಗಿದೊಡನೆ ಹೊಗಳಿಕೆ. ಕೊಮುಸಾನ ಒಂದು ಪಾದ ತುಂಡಿನಿಂದ ಎದ್ದಿತು. ಕೆಳಗೆ ಸೊರಿ ಬುಟ್ಟಿ ಎತ್ತಿ ಹಿಡಿದು ನಿಂತಿದ್ದ. ಗೋಡೆಯ ಒಳಗಿನಿಂದ ಕುಂಬಾ ಕೆಮ್ಮಿದ್ದು ಕೇಳಿಸಿತು. ಅಷ್ಟು ತೆಳುವಾಗಿತ್ತು ಗೋಡೆ.

ಪಾದ ಮತ್ತೆ ತುಂಡಿನ ಮೇಲೆ ನಿಂತಿತು.

"ತೊಗಲು ಹೊದಿಸ್ಕೋ, ಒಗೊಬಾರಾ. ನಾನು ಬರಲ್ಲ."

"ಬರಲ್ವಾ? ಆಮೇಲೆ ಬರ್ತೀನಿ ಅಂತಾದ್ರೂ ಅನ್ನೋ ಮಾರಾಯ!"

"ಅನ್ನಲ್ಲ."

ಒಗೊಬಾರಾ ತೊಗಲು ಹುಡುಕಲು ಓಡಿದ.

ಮಧ್ಯಾಹ್ನದ ಬಾಂಗು ಕೇಳಿದಾಗ ಗೋಡೆಯ ಮೂರರಲ್ಲಿ ಎರಡು ಪಾಲು ಮುಗಿದಿತ್ತು. ನಮಾಜಿಗೆ ಒಬ್ಬೊಬ್ಬರಾಗಿ ಹೋಗಿ ಬಂದರು. ಕೊಮುಸಾ ತನ್ನ ಸರದಿ ಮುಗಿಸಿ ಮತ್ತೆ ಹತ್ತಿದ. ಉಳಿದ ಮೂರನೆಯ ಪಾಲು ಅತ್ಯಂತ ಕೆಟ್ಟದು. ಬುಡದಲ್ಲಿ ಬಿರುಕುಗಳು ಬೆರಳು ಹೋಗುವಷ್ಟು ಅಗಲವಾಗಿದ್ದವು. ಅವನು ಒಂದೊಂದನ್ನೇ ತುಂಬುತ್ತಾ ಇಳಿದ.

ಆಗ ಪೂರ್ವದಲ್ಲಿ ಕೆಂಪು ಧೂಳು ನೆಲದಿಂದ ಆಕಾಶದವರೆಗೆ ಎದ್ದು ನಿಂತಿತು. ಹೆಂಗಸರು ಮಕ್ಕಳ ಹೆಸರು ಹಿಡಿದು ಕೂಗತೊಡಗಿದರು. ಉಳಿದ ಮೇಸ್ತ್ರಿಗಳೂ ತಂತಮ್ಮ ಮನೆಗೆ ಓಡಿದರು, ಬೀದಿ ಬರಿದಾಯಿತು. ಸಂಜೆಯಾಗುವ ಮುಂಚೆಯೇ ಬೆಳಕು ಆರಿತು.

"ಇಳಿ," ಎಂದು ಸೊರಿ ಕೂಗಿದ. "ಬುಡಕ್ಕೆ ಚಾಪೆ ಒತ್ತೋಣ!"

"ಅವ್ವಾ!" ಕೊಮುಸಾ ಗೋಡೆಗೆ ಬಾಯಿಟ್ಟು ಕೂಗಿದ. "ಬುಡ ಇನ್ನೂ ಬಾಕಿ ಇದೆ. ಮುಗಿದಿಲ್ಲ. ಕೇಳಿಸ್ತಾ? ಮುಗಿದಿಲ್ಲ! ಹಿಂದೆ ಸರಿ!"

ಗಾಳಿ ಬಂದು ಬಡಿಯಿತು.

ಅವರಿಬ್ಬರು ಹುಲ್ಲಿನ ಚಾಪೆಗಳನ್ನು ಬುಡಕ್ಕೆ ಆನಿಸಿ, ಅವುಗಳಿಗೆ ಬೆನ್ನು ಕೊಟ್ಟು, ಹಿಮ್ಮಡಿಯನ್ನು ಕೆಸರಿನಲ್ಲಿ ಹೂತು ಕುಳಿತರು. ಸೊರಿಯ ಬೆನ್ನು ಚಾಪೆಗೆ ತಾಗಿತ್ತು, ಗೋಡೆಗೆ ಅಲ್ಲ. ಆ ವ್ಯತ್ಯಾಸವನ್ನು ಅವನು ಆಗಲೂ ಮರೆತಿರಲಿಲ್ಲ. ಮಳೆ ಅಡ್ಡಡ್ಡಲಾಗಿ ಹೊಡೆಯಿತು. ಮೇಲಿನಿಂದ ನೀರು ಹಾಳೆಯಂತೆ ಇಳಿದು ಅವರ ತಲೆಯ ಮೇಲೆ ಬೀಳುತ್ತಿತ್ತು. ಕೊಮುಸಾ ಆ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿದ. ಮಣ್ಣಿನ ಬಣ್ಣ ತೆಳುವಾಗಿತ್ತು. ನೆತ್ತಿ ಕರಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನ ಬೆನ್ನ ಹಿಂದೆ ಏನೋ ಜಾರಿತು. ಚಾಪೆ ಒಳಕ್ಕೆ ಕುಸಿಯಿತು. ಒಳಗೆ ಧೊಪ್ಪೆಂದು ಶಬ್ದವಾಯಿತು.

"ಅವ್ವಾ!"

ಮಳೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಏಳಲು ಹೊರಟವನ ಭುಜವನ್ನು ಸೊರಿ ಅದುಮಿದ. "ಎದ್ದರೆ ಉಳಿದಿದ್ದೂ ಹೋಗ್ತದೆ. ಕೂತ್ಕೋ." ಕೊಮುಸಾ ಕುಳಿತ. ಜೀವನದಲ್ಲಿ ಅವನು ಒಂದೇ ಜಾಗದಲ್ಲಿ ಅಷ್ಟು ಹೊತ್ತು ಎಂದೂ ಕುಳಿತಿರಲಿಲ್ಲ.

ಮಳೆ ಬಂದಷ್ಟೇ ಥಟ್ಟನೆ ಹೋಯಿತು. ಅಡ್ಡಮರ ಸರಿದ ಸದ್ದಾಯಿತು. ಕುಂಬಾ ಬಾಗಿಲಲ್ಲಿ ಕಾಣಿಸಿಕೊಂಡಳು. ಮಂಡಿಯಿಂದ ಕೆಳಗೆ ಅವಳು ಉಟ್ಟ ಬಟ್ಟೆ ಕೆಸರಾಗಿತ್ತು.

"ಹಿಂದೆ ಸರಿದೆ," ಎಂದಳು. "ನಾನು ಮೊದಲಿದ್ದ ಜಾಗಕ್ಕೇ ಬಿತ್ತು. ಮುಗಿದಿಲ್ಲ ಅಂತ ನಿನ್ನ ಬಾಯಲ್ಲಿ ಹಿಂದೆ ಯಾವತ್ತೂ ಕೇಳಿರ್ಲಿಲ್ಲ. ಅದಕ್ಕೇ ನಂಬಿದೆ."

ಗೋಡೆ ನಿಂತಿತ್ತು. ಬುಡದಲ್ಲಿ ಕುರಿಯೊಂದು ನುಸುಳುವಷ್ಟು ತೂತು ಬಿದ್ದಿತ್ತು. ಕೊಮುಸಾ ಮಂಡಿಯೂರಿ ಅದರ ಅಂಚುಗಳನ್ನು ಮುಟ್ಟಿ ನೋಡಿದ.

"ಈಗ ಮುಚ್ಚು ಮತ್ತೆ," ಎಂದಳು ಕುಂಬಾ.

"ಈಗ ಆಗಲ್ಲ ಅವ್ವಾ. ಗೋಡೆ ಒಣಗ್ಬೇಕು. ಹಸಿ ಮೇಲೆ ಹಸಿ ಮೆತ್ತಿದ್ರೆ ಎರಡೂ ಬೀಳತ್ತೆ."

ಕುಂಬಾಳ ಮುಖ ಗಟ್ಟಿಯಾಯಿತು. ಅವಳು ಸೊರಿಯತ್ತ ತಿರುಗಿದಳು. ಸೊರಿ ತೂತಿನ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದ. "ಈ ಸಲ ಹುಡುಗ ಹೇಳಿದ್ದು ಸರಿ," ಎಂದ. "ಕಾಯ್ಬೇಕು."

"ಕಾಯೋನು ಎಲ್ಲಿರ್ತಾನೆ?"

ಕೊಮುಸಾ ಬಾಗಿಲ ಮುಂದಕ್ಕೆ ನಡೆದ. ಗುಂಡಿಯಲ್ಲಿ ಮಳೆನೀರು ತುಂಬಿ ಮಣ್ಣು ತೆಳುವಾಗಿತ್ತು. ಅವನು ಹೆಚ್ಚಿನ ನೀರನ್ನು ಬೊಗಸೆಯಿಂದ ಎತ್ತಿಹಾಕಿ, ಹೊಟ್ಟು ಸುರಿದು, ಇಳಿದು ತುಳಿಯತೊಡಗಿದ. ಮರುದಿನ ಬೆಳಿಗ್ಗೆಯೂ ಅವನು ಅಲ್ಲೇ ಇದ್ದ. ಅದರ ಮರುದಿನವೂ ಇದ್ದ. ಬಂದೊಡನೆ ತೂತಿನ ಅಂಚನ್ನು ಬೆರಳಿನಿಂದ ಒತ್ತಿ ನೋಡುವುದು, ತಂಪು ಇನ್ನೂ ಇದ್ದರೆ ಗುಂಡಿಗೆ ಇಳಿಯುವುದು. ತುಳಿಯುವುದಕ್ಕಿಂತ ಬೇಸರದ ಕೆಲಸ ಆ ಕಸುಬಿನಲ್ಲಿ ಇನ್ನೊಂದಿಲ್ಲ.

ಒಗೊಬಾರಾ ಕೊಳೆತ ಈರುಳ್ಳಿಯ ಗೊಂಚಲೊಂದನ್ನು ತಂದು ಗುಂಡಿಯ ಅಂಚಿಗೆ ಎಸೆದ.

"ನೋಡು, ಗುಲಾಮ! ತೊಗಲು ಹಾರಿಹೋಯ್ತು, ಅರ್ಧ ಗೋದಾಮು ಸ್ನಾನ ಮಾಡ್ತು. ಇವತ್ತಾದ್ರೂ ಬರ್ತೀಯಾ?"

"ಈ ಗೋಡೆ ಒಣಗಿ, ತೂತು ಮುಚ್ಚಿ, ಎರಡನೇ ಲೇಪ ಬುಡದವರೆಗೂ ಆದ್ಮೇಲೆ."

"ಅಷ್ಟರಲ್ಲಿ ಇನ್ನೊಂದು ಮಳೆ ಬರ್ತದೆ. ನಾನು ಬೇರೆ ಮೇಸ್ತ್ರಿ ನೋಡ್ಕೋಬೇಕಾಗ್ತದೆ. ಮನೆಯಲ್ಲ ಅದು, ಗೋದಾಮು. ಯಾರ ಅಪ್ಪಣೆಯೂ ಬೇಡ ನಂಗೆ."

ಕೊಮುಸಾನ ತುಟಿ ಅಲುಗಿತು. ನಾಳೆ ಬರ್ತೀನಿ ಎಂಬ ಮಾತು ಅಲ್ಲಿಯವರೆಗೂ ಬಂದಿತ್ತು. ಅವನು ಅದನ್ನು ನುಂಗಿದ.

"ನೋಡ್ಕೋ," ಎಂದ. ಕೆಸರಿನಿಂದ ಕಾಲು ಕಿತ್ತು, ಇನ್ನೂ ತುಳಿಯದ ಜಾಗದಲ್ಲಿ ಊರಿದ.