ಮಗ್ಗದ ಬೀದಿಯ ಮೊಮ್ಮಗಳು

ದೊಡ್ಡಬಳ್ಳಾಪುರದ ಗಂಗಲಕ್ಷ್ಮಮ್ಮನಿಗೆ ಸರ್ಕಾರದವರೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಂಥವಳನ್ನು ತಾಲ್ಲೂಕು ಕಚೇರಿಯ ಉದ್ದನೆಯ ಮೇಜಿನ ಮುಂದೆ ಕೂರಿಸಿದ್ದರು. ಸುತ್ತಲೂ ಪೊಲೀಸ್, ಶಾಲೆ, ಆಸ್ಪತ್ರೆ, ಮಕ್ಕಳ ರಕ್ಷಣಾ ಘಟಕ, ಎಲ್ಲ ಕಡೆಯವರೂ ಇದ್ದರು. ಮಗಳು ಅನಿತ ಬಾಣಂತಿಯಾಗಿದ್ದಾಗಲೇ ತೀರಿಕೊಂಡ ಮೇಲೆ ಮೊಮ್ಮಗಳು ಸಿಂಚನಳನ್ನು ಸಾಕಿದವಳು ಇವಳು. ಮರುಮದುವೆಯಾದ ಅಳಿಯ ನವೀನ್‌ಕುಮಾರ್ ಈಗ ಸೂಲಿಬೆಲೆಯಿಂದ ಬಂದು, ಮಗು ತನಗೆ ಬೇಕೆಂದು ಕೋರ್ಟಿಗೆ ಹೋಗಿದ್ದ. ಇವರೆಲ್ಲ ಕೂಡಿ ವಿಚಾರಿಸಿ ವರದಿ ಕೊಡಲಿ ಎಂದು ನ್ಯಾಯಾಧೀಶರು ಹೇಳಿದ್ದರು.

ಸಭೆ ನಡೆಸುತ್ತಿದ್ದ ಪ್ರಮೋದಾ ಮೇಡಂ ಒಬ್ಬೊಬ್ಬರನ್ನೇ ಕೇಳಿದರು. ಮನೆಯಲ್ಲಿ ಜಗಳವಿಲ್ಲ ಎಂದರು ಪೊಲೀಸರು. ಟೀಚರ್ ಮಾತ್ರ, "ಮಗು ಒಳ್ಳೇದು ಮೇಡಂ, ಆದ್ರೆ ಗಮನವೇ ಇಲ್ಲ. ಹಿಂದಿನಿಂದ ಕೂಗಿದ್ರೆ ತಿರುಗೋದೇ ಇಲ್ಲ" ಎಂದರು.

"ಮನೆಗೆ ಹೋದಾಗ್ಲೂ ನನ್ನ ಬಾಯನ್ನೇ ನೋಡ್ತಾ ಕೂತಿತ್ತು," ಎಂದಳು ಆಶಾ ಕಾರ್ಯಕರ್ತೆ ಅನುಸೂಯಮ್ಮ.

ಆಸ್ಪತ್ರೆಯ ಡಾಕ್ಟರು ಥಟ್ಟನೆ ತಲೆಯೆತ್ತಿದರು. "ಮಗು ಎಲ್ಲಿ ಮಲಗ್ತಿತ್ತಮ್ಮ?"

"ಕರೆಂಟ್ ಮಗ್ಗದ ಪಕ್ಕದಲ್ಲೇ ಸಾ. ಜೋಲಿ ಕಟ್ಟಿದ್ದೇ ಅಲ್ಲಿ. ಮಗ್ಗ ನಿಂತ್ರೆ ಎದ್ಬುಡೋಳು, ಓಡ್ತಿದ್ರೆ ಹಾಯಾಗಿ ನಿದ್ದೆ ಮಾಡೋಳು," ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದಳು. ಆ ಬೀದಿಯ ಎಲ್ಲ ಅಜ್ಜಿಯರದೂ ಅದೇ ಹೆಮ್ಮೆ.

ಕಿವಿ ಪರೀಕ್ಷೆಯಾದ ಮೇಲೆ ಮತ್ತೆ ಸೇರಿದರು. "ಮಗ್ಗದ ಸದ್ದಿನಿಂದ ಕಿವಿ ಮಂದವಾಗಿದೆ. ಹೋಗಿರೋದು ವಾಪಸ್ ಬರಲ್ಲ, ಉಳಿದಿದ್ದನ್ನಾದ್ರೂ ಕಾಪಾಡ್ಬೇಕು," ಎಂದರು ಡಾಕ್ಟರು. ಎಲ್ಲರಿಗೂ ಒಂದೊಂದು ಚೂರು ಗೊತ್ತಿತ್ತು, ಒಂದೇ ಮೇಜಿಗೆ ಬಂದು ಕೂರುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಯಾರನ್ನು ಬೈದು ಏನು ಪ್ರಯೋಜನ?

"ಮಗ್ಗ ಮಾರ್ಬುಡ್ತೀನಿ ಸಾ, ಇವತ್ತೇ," ಎಂದಳು ಗಂಗಲಕ್ಷ್ಮಮ್ಮ.

"ಬೀದಿ ಪೂರ್ತಿ ಮಗ್ಗವೇ ಅಲ್ವೇನಮ್ಮ?" ಎಂದರು ಡಾಕ್ಟರು.

ಬೇರೆ ಕಡೆ ಹೋಗಿ ಬದುಕೋಣವೆಂದರೆ ನೇಯ್ಗೆ ಬಿಟ್ಟು ಅವಳಿಗೆ ಇನ್ನೊಂದು ಕಸುಬು ಬಾರದು. ಎದುರಿಗೆ ಅಳಿಯ ತಲೆ ತಗ್ಗಿಸಿ ಕೂತಿದ್ದ. ಸೂಲಿಬೆಲೆಯ ಅವನ ಬೀದಿಯಲ್ಲಿ ಮಗ್ಗಗಳಿರಲಿಲ್ಲ. ಅವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು.

"ತೀರ್ಮಾನ ಕೋರ್ಟಿನದು. ನೀವೇನಂತೀರ ಅಂತಾನೂ ಬರೀತೀವಿ," ಎಂದರು ಪ್ರಮೋದಾ ಮೇಡಂ.

"ಅವ್ರಪ್ಪನ ತಾವ್ಲೇ ಇರ್ಲಿ ಬುಡಿ," ಎಂದಳು ಗಂಗಲಕ್ಷ್ಮಮ್ಮ, ಮೆಲ್ಲಗೆ. "ಅಲ್ಲಾದ್ರೂ ನಾಕು ಮಾತು ಕೇಳಿಸ್ಕೊಂಡು ಬೆಳೀಲಿ."

ಪಕ್ಕದಲ್ಲೇ ಇದ್ದ ಸಿಂಚನಳಿಗೆ ಅದು ಕೇಳಿಸಲಿಲ್ಲ. ಎಲ್ಲರೂ ಸುಮ್ಮನಾದದ್ದು ಕಂಡು, ಅಜ್ಜಿಯ ಸೆರಗು ಜಗ್ಗಿ ನಕ್ಕಳು.

"ಮುಗೀತಾ ಅಜ್ಜಿ? ಮನೆಗೆ ಹೋಗಣ್ವಾ?"