ಚಂದ್ರಶೇಖರಪ್ಪನ ಗೋಡೆ

ಮುಂದಕ್ಕೆ ನಡೆಯುವುದಕ್ಕಿಂತ ಹಿಂದಕ್ಕೆ ನಡೆಯುವುದರಲ್ಲಿ ಹೆಚ್ಚು ಪಳಗಿದ ಮನುಷ್ಯನನ್ನು ನನ್ನ ಎಪ್ಪತ್ತೆರಡು ವರ್ಷಗಳಲ್ಲಿ ನಾನು ಕಂಡದ್ದು ಒಬ್ಬನನ್ನೇ; ಅವನು ಶಿರಸಿಯ ವಿಡಿಯೋ ಚಂದ್ರಶೇಖರಪ್ಪ. ದಿಬ್ಬಣದ ಮುಂದೆ, ವಾಲಗದವರಿಗೂ ಮದುಮಗನಿಗೂ ನಡುವೆ ಉಳಿಯುವ ಎರಡು ಮಾರು ಜಾಗದಲ್ಲಿ, ಬಲಭುಜದ ಮೇಲೆ ಕ್ಯಾಮರಾ ಹೊತ್ತು, ಬೆನ್ನ ಹಿಂದೆ ಕಲ್ಲಿದೆಯೋ ಕಾಲುವೆಯಿದೆಯೋ ಮೆಟ್ಟಿಲಿದೆಯೋ ಎಂದು ಒಮ್ಮೆಯೂ ತಿರುಗಿ ನೋಡದೆ, ಹಿಮ್ಮಡಿಯಿಂದಲೇ ನೆಲವನ್ನು ತಡಕುತ್ತ ಅವನು ಹಿಂದೆ ಹಿಂದೆ ಸರಿಯುವುದನ್ನು ನೋಡಿದರೆ, ಇಡೀ ಮೆರವಣಿಗೆಯನ್ನು ಅವನೇ ಹಗ್ಗ ಕಟ್ಟಿ ಎಳೆಯುತ್ತಿದ್ದಾನೆ ಎನಿಸುತ್ತಿತ್ತು. ಹದಿನೇಳು ವರ್ಷ ಹೀಗೆ ಹೊತ್ತದ್ದರಿಂದ ಬಲಭುಜ ಎಡದಕ್ಕಿಂತ ಎರಡು ಬೆರಳು ಮೇಲೆದ್ದು ನಿಂತಿತ್ತು. ಬರಿಗೈಯಲ್ಲಿ ಪೇಟೆಯಲ್ಲಿ ಎದುರಾದರೂ ಕಾಣದ ಭಾರವೊಂದನ್ನು ಹೊತ್ತವನಂತೆಯೇ ನಡೆಯುತ್ತಿದ್ದ. ಈ ಮನುಷ್ಯನ ಮೇಲೆ ನನಗೆ ಸಿಟ್ಟಿದೆ. ಮೂರು ವರ್ಷ ಕಳೆದರೂ ಇದೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ನಯವಾದ ಮಾತು ಬೇಕಾದವರು ಬೇರೆಯವರ ಬರಹ ಓದಿಕೊಳ್ಳಲಿ.

ಅವನು ಬನವಾಸಿಗೂ ಆಚೆಯ ಊರಿನವನು. ನಮ್ಮ ಕಡೆಯ ಮೆತ್ತಗಿನ ಮಾತು ಅವನ ನಾಲಗೆಗೆ ಕೊನೆಗೂ ಹತ್ತಲಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲೂ ಮೈಮೇಲೊಂದು ಖಾಕಿ ಕೋಟು, ಅದಕ್ಕೆ ದರ್ಜಿಯ ಎದುರು ಕೂತು ಹೊಲಿಸಿದ ಎಂಟು ಜೇಬು, ಏಳರಲ್ಲಿ ಬ್ಯಾಟರಿ, ಬಲ್ಬು, ಕ್ಯಾಸೆಟ್ಟು. ಎಂಟನೆಯದರಲ್ಲಿ ಒಗ್ಗರಣೆ ಅವಲಕ್ಕಿಯ ಪೊಟ್ಟಣ. ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಅಷ್ಟು ಹೊತ್ತಿನಲ್ಲಿ ಏನಾದರೂ ನಡೆದುಹೋದೀತು ಎಂಬ ಭಯ ಅವನಿಗೆ. ಹಿರಿತನ, ಮಡಿ, ನೆಂಟಸ್ತಿಕೆ, ಯಾವುದಕ್ಕೂ ಅವನಲ್ಲಿ ರಿಯಾಯಿತಿ ಇರಲಿಲ್ಲ. "ಹಿಂದ ಸರೀರಿ" ಎಂಬುದು ಅವನ ಬಾಯಿಂದ ಉಸಿರಿನಂತೆ ಹೊರಡುತ್ತಿತ್ತು. ಒಮ್ಮೆ ಹೋಮಕ್ಕೆ ಕೂತ ಪುರೋಹಿತರಿಗೇ, "ಭಟ್ರ, ಹೊಗಿ ಅಡ್ಡ ಬರಾಕತ್ತೈತಿ, ತುಪ್ಪ ಸ್ವಲ್ಪ ತಡದು ಹಾಕ್ರಿ" ಎಂದುಬಿಟ್ಟ. ಭಟ್ಟರು ತಡೆದು ಹಾಕಿದರು. ಅವನ ಗದರಿಕೆಯಲ್ಲಿ ಅಂಥ ಅಧಿಕಾರವಿತ್ತು.

ಅವನ ದೊಡ್ಡ ಹಟವೆಂದರೆ, ತೆಗೆದದ್ದರಲ್ಲಿ ಒಂದು ಚೂರನ್ನೂ ಕತ್ತರಿಸದಿರುವುದು. ಉಳಿದ ಸ್ಟುಡಿಯೋದವರು ಮದುಮಕ್ಕಳ ಮುಖವನ್ನು ಗುಲಾಬಿ ಹೂವಿನೊಳಗೆ ತೇಲಿಸಿ ಎರಡು ತಾಸಿಗೆ ಮದುವೆ ಮುಗಿಸುತ್ತಿದ್ದರೆ, ಇವನದು ಆರು ತಾಸು. ಕೂತಲ್ಲೇ ನಿದ್ದೆ ಹೋದ ಮಾವ, ಚಪ್ಪಲಿ ಹುಡುಕುವ ಬೀಗರು, ಹಂಡೆ ಉಜ್ಜುವ ಹೆಂಗಸರು ಎಲ್ಲರೂ ಅದರಲ್ಲಿರುತ್ತಿದ್ದರು. ಯಾರಾದರೂ ಬೇಡವೆಂದರೆ, "ಕತ್ರಿ ನಮ್ಮ ಮನ್ಯಾಗಿಲ್ರಿ" ಎಂಬ ಒಂದೇ ಉತ್ತರ. ಇದಕ್ಕೆ ಕಾರಣವಿತ್ತು. ತೊಂಬತ್ತಮೂರರಲ್ಲಿ ಸಿದ್ದಾಪುರದ ಕಡೆ ಮನ್ಮನೆ ಎಂಬ ಊರಿನಲ್ಲಿ ಒಂದು ಉಪನಯನ. ಅದಾದ ಮೇಲೆ ಅಣ್ಣತಮ್ಮಂದಿರು ಕಿತ್ತಾಡಿ, ತಮ್ಮ ಕಾಣುವ ಜಾಗವನ್ನೆಲ್ಲ ತೆಗೆಯಬೇಕೆಂದು ಅಣ್ಣ ಹಟ ಹಿಡಿದ, ಇವನು ತೆಗೆದುಕೊಟ್ಟ. ವರ್ಷದೊಳಗೆ ತಮ್ಮ ತೀರಿಕೊಂಡ. ತೆಗೆದ ಚೂರನ್ನು ಕೊಡು ಎಂದು ಅದೇ ಅಣ್ಣ ಅಂಗಡಿಗೆ ಬಂದ. ಆ ಟೇಪಿನ ಮೇಲೆ ಆಗಲೇ ಇನ್ಯಾರದೋ ಮದುವೆ ಕೂತಿತ್ತು. "ಆ ಮನಶಾ ಅಂಗಡಿ ಪಾವಟಿಗಿ ಮ್ಯಾಲ ಕುಂತಾಂವ ಮಧ್ಯಾಹ್ನತನಕ ಎದ್ದಿಲ್ರಿ" ಎಂದು ಚಂದ್ರಶೇಖರಪ್ಪ ಒಮ್ಮೆ ಹೇಳಿದ. ಹೇಳುವಾಗಲೂ ಗದರಿಸುವ ದನಿಯೇ.

ಇನ್ನು ನನ್ನ ಮನೆಯ ವಿಷಯ ಹೇಳಬೇಕು. ಹೇಳದಿದ್ದರೆ ಅವನು ಅರ್ಥವಾಗುವುದಿಲ್ಲ. ಶಿರಸಿಯ ಹತ್ತಿರದ ಮತ್ತಿಘಟ್ಟದಲ್ಲಿ ನಾನು, ತಮ್ಮ ವೆಂಕಟ್ರಮಣ, ಗಂಡನನ್ನು ಕಳೆದುಕೊಂಡು ಮೂವತ್ತರ ಒಳಗೇ ತವರಿಗೆ ಮರಳಿದ ತಂಗಿ ಪರಿಮಳಾ ಒಂದೇ ಮನೆಯಲ್ಲಿದ್ದೆವು. ವೆಂಕಟ್ರಮಣನ ಮಗಳು ಮಧುರಾ ಆರು ತಿಂಗಳಿನವಳಿದ್ದಾಗ ತಾಯಿ ಹೋದಳು. ಆಮೇಲೆ ಅವಳಿಗೆ ಅನ್ನ ಕಲಸಿದ್ದು, ಜಡೆ ಹಾಕಿದ್ದು, ಜ್ವರದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡದ್ದು ಪರಿಮಳಾ. ಅವಳ ಬಾಯಲ್ಲಿ ಮಧುರಾ ಎಂದೂ "ಕೂಸು". ಎರಡು ಸಾವಿರದ ನಾಲ್ಕರಲ್ಲಿ ಯಲ್ಲಾಪುರದ ಮಾಗೋಡು ಕಡೆಯ ಮನೆಗೆ ಮಧುರಾಳ ಮದುವೆಯಾಯಿತು. ಮಂಟಪದಲ್ಲಿ ಮುತ್ತೈದೆಯರು ಆರತಿಗೆ ನಿಂತಾಗ ಹುಡುಗಿ ತಲೆಯೆತ್ತಿ, "ಅತ್ತೆ, ನೀನೂ ಬಾರೆ" ಎಂದಳು. ಕಂಬದ ಮರೆಯಲ್ಲಿದ್ದ ಪರಿಮಳಾ ಎರಡು ಹೆಜ್ಜೆ ಮುಂದೆ ಬಂದಳು. ಜನರ ನಡುವಿನಿಂದ ಒಂದು ಕೈ ಹೊರಬಂದು, ಹೋಗು, ಹಿಂದೆ ಹೋಗು ಎಂದು ಬೀಸಿತು. ಅವಳು ಹಿಂದೆ ಹೋದಳು. ಮದುವೆ ಮುಗಿಯುವವರೆಗೂ ಉಗ್ರಾಣದಿಂದ ಹೊರಗೆ ಬರಲಿಲ್ಲ.

ಆ ಕೈ ನನ್ನದು.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಸಿಕ್ಕ ಸಿಕ್ಕ ಪುಸ್ತಕವನ್ನೆಲ್ಲ ಓದಿ, ಯಾರ ಹಂಗೂ ಇಲ್ಲದೆ ಬುದ್ಧಿ ಬೆಳೆಸಿಕೊಂಡವನು ನಾನು. ಸಭೆಗಳಲ್ಲಿ ಎದ್ದುನಿಂತು, ವಿಧವೆಯರನ್ನು ದೂರವಿಡುವ ಕಟ್ಟಳೆ ನಾಚಿಕೆಗೇಡು ಎಂದು ಗಂಟಲು ಹರಿಯುವಂತೆ ಮಾತಾಡಿದವನು. ಆ ಕ್ಷಣದಲ್ಲಿ ಶಾಸ್ತ್ರಕ್ಕೆ ಹೆದರಿದೆನೆಂದರೆ ಅದೂ ಸುಳ್ಳು. ಬೀಗರು ಏನೆಂದುಕೊಂಡಾರೋ ಎಂದು ಹೆದರಿದೆ. ಅವರು ಏನೂ ಅಂದಿರಲಿಲ್ಲ.

ಚಂದ್ರಶೇಖರಪ್ಪನ ಕ್ಯಾಮರಾದ ಲೈಟು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಪರಿಮಳಾಳಿಗೆ ಕಂಡದ್ದು ಬರೀ ಒಂದು ಕೈ. ತಿಂಗಳ ಮೇಲೆ ಸಿ.ಡಿ. ಬಂತು. ಮನೆಯ ಟಿವಿಯಲ್ಲಿ ಹಾಕಿದಾಗ, ಗಾಜಿನ ಬಲ ಅಂಚಿನಲ್ಲಿ ಮೂರು ಬೆರಳು ಬೀಸಿ ಮಾಯವಾದವು. ಪಕ್ಕದಲ್ಲೇ ಗಂಡಿನ ಚಿಕ್ಕಪ್ಪ ಗೋವಿಂದ ನಿಂತಿದ್ದ. "ಅವಂದೇ ಕೈ" ಎಂದು ಪರಿಮಳಾ ಎದ್ದು ಒಳಗೆ ಹೋದಳು. "ಕೂಸಿನ ಮನೆ ಹೊಸ್ತಿಲು ಇನ್ನು ಆನು ತುಳಿತ್ನಿಲ್ಲೆ." ಆ ಮನೆಗೆ ಕಾಲಿಡುವುದಿಲ್ಲವೆಂಬ ಮಾತು ಬೀಗರ ಕಿವಿಗೆ ಬಿತ್ತು. ಮಾಡದ ತಪ್ಪು ಹೊತ್ತ ಗೋವಿಂದ ಕೆರಳಿದ. ಆ ಮನೆಯವರು ಮಧುರಾಳನ್ನು ತವರಿಗೆ ಕಳಿಸುವುದನ್ನೇ ನಿಲ್ಲಿಸಿದರು. ಒಂದು ವರ್ಷ ಹುಡುಗಿ ಬರಲಿಲ್ಲ. ಫೋನಿನಲ್ಲಿ ಅವಳು ಅಳುವುದು ನನಗೂ ಕೇಳಿಸುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಬಿಟ್ಟದ್ದು ಒಮ್ಮೆ, ಅದೂ ಅರ್ಧ. ಚಂದ್ರಶೇಖರಪ್ಪನ ಅಂಗಡಿಗೆ ಹೋಗಿ, "ಆರತಿ ಹತ್ರ ಒಂದು ಸಣ್ಣ ಚೂರು ತೆಗೆದುಹಾಕೋಕೆ ಬರ್ತದಾ?" ಎಂದೆ.

"ಯಾಕ್ರಿ?"

"ಸುಮ್ನೆ."

ಅವನು ನನ್ನ ಕೈಯನ್ನು ನೋಡಿದ, ಮುಖವನ್ನು ನೋಡಿದ. "ಹೆಗಡೇರ, ಕತ್ರಿ ಇಲ್ಲ ಅಂತ ಊರಿಗೆಲ್ಲ ಗೊತ್ತೈತಿ. ಆದ್ರ ನೀವು ಕಾರಣ ಬಾಯಿಬಿಟ್ಟು ಹೇಳ್ರಿ, ಇವತ್ತ ತರ್ತೀನಿ." ನಾನು ಎದ್ದು ಬಂದೆ. ಟಿವಿಯಲ್ಲಿ ಮೂರು ಬೆರಳಷ್ಟೇ ಕಾಣುವುದಲ್ಲವೇ, ಬೆರಳಿಗೇನು ಹೆಸರು ಬರೆದಿದೆಯೇ ಎಂದು ಸಮಾಧಾನ ಮಾಡಿಕೊಂಡೆ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಅವನು ಹುಬ್ಬಳ್ಳಿಯಿಂದ ಪ್ರೊಜೆಕ್ಟರ್ ತಂದ. ಮನೆಯ ಹಿಂದಿನ ಕೋಣೆಯ ಒಂದು ಗೋಡೆಯನ್ನು ಮೂರು ಸಲ ಉಜ್ಜಿ ಸುಣ್ಣ ಬಳಿದು, ಕಿಟಕಿಗಳಿಗೆ ಹಳೆಯ ಶಾಮಿಯಾನದ ಬಟ್ಟೆ ಹೊಡೆದು, ಹಾಡುಹಗಲೇ ಕತ್ತಲೆ ಮಾಡಿದ. ಹತ್ತು ಅಡಿ ಅಗಲದ ಚಿತ್ರ. ಊರೇ ಬಂತು. ಆ ಬಂದವರ ಮೇಲೂ ನನಗೆ ಸಿಟ್ಟೇ. ಒಬ್ಬರಿಗೂ ಚಿತ್ರ ಬೇಕಿರಲಿಲ್ಲ, ತಮ್ಮ ಮುಖ ಬೇಕಿತ್ತು. ತಮ್ಮ ತಮ್ಮ ಮದುವೆಯ ಸಿ.ಡಿ. ತಂದು, ತಾವು ಬಂದ ಕೂಡಲೇ ಕಿರುಚಿ, ತಾವು ಹೋದ ಕೂಡಲೇ "ಮುಂದೆ ಓಡ್ಸಿ" ಎನ್ನುವವರು. ಬೆಳಕಿಗೆ ಅಡ್ಡ ಕೈಹಿಡಿದು ಗೋಡೆಯ ಮೇಲೆ ಕೋಳಿ ಮಾಡುವ ನಡುವಯಸ್ಕರು. ತನ್ನ ಹಲ್ಲಿನ ಸಂದಿ ಕಂಡು ಮುನಿಸಿಕೊಂಡು ಎದ್ದುಹೋದ ಒಬ್ಬ ಮೇಷ್ಟ್ರು. ಎಲೆಕ್ಟ್ರಿಕ್ ಅಂಗಡಿಯ ಸುಭಾಷನಂತೂ ದಿನವೂ ಬಂದು, "ಕ್ರಿಕೆಟ್ ಹಾಕೋದಿಲ್ಲ ಅಂದ್ರೆ ಇದು ಇದ್ದೂ ದಂಡ ಮಾರಾಯ" ಎನ್ನುತ್ತಿದ್ದ. ಚಂದ್ರಶೇಖರಪ್ಪನ ಹೆಂಡತಿ ಮಮತಾಳ ದೂರು ಬೇರೆ: "ಗ್ವಾಡಿಗೆ ಒಂದು ಮೊಳಿ ಹೊಡ್ಯಾಕ ಬಿಡಂಗಿಲ್ರಿ ಅಣ್ಣಾರ, ಕ್ಯಾಲೆಂಡರ್ ಒಲಿ ಮ್ಯಾಲ ತೂಗಬಿಟ್ಟೀನಿ." ಚಂದ್ರಶೇಖರಪ್ಪ ಮಾತ್ರ ಕೂರುತ್ತಿರಲಿಲ್ಲ. ಗೋಡೆಯ ಪಕ್ಕ ಕೋಟು ತೊಟ್ಟು ನಿಂತು, ಭುಜ ಎತ್ತಿ, "ಸುಮ್ಮ ಕುಂದರ್ರಿ! ಪೂರಾ ನೋಡ್ರಿ!" ಎಂದು ಅಬ್ಬರಿಸುತ್ತಿದ್ದ.

ಸುದ್ದಿ ಪರಿಮಳಾಳಿಗೂ ತಲುಪಿತು. "ದೊಡ್ಡಕ್ಕೆ ಕಾಣ್ತಡ ಅಣ್ಣಯ್ಯ. ಕೂಸಿನ ಎದುರಿಗೇ ನೋಡಿದಂಗೆ ಆಗ್ತು" ಎಂದಳು. ಬೇಡವೆನ್ನಲು ನನ್ನಲ್ಲಿ ನೆಪವಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮೂವರೂ ಹೋದೆವು. ಸುಭಾಷ ಮೊದಲೇ ಬಂದು ಚಾಪೆಯ ಮೇಲೆ ಕಾಲು ಚಾಚಿದ್ದ. ಚಂದ್ರಶೇಖರಪ್ಪ ಸಿ.ಡಿ. ಕೈಯಲ್ಲಿ ಹಿಡಿದು, ಪರಿಮಳಾಳನ್ನಲ್ಲ, ವೆಂಕಟ್ರಮಣನನ್ನಲ್ಲ, ನನ್ನನ್ನೇ ನೋಡಿ ಕೇಳಿದ: "ಹೆಗಡೇರ, ಹಾಕ್ಲ್ಯಾ?" ಅವನು ಎಂದೂ ಯಾರನ್ನೂ ಹಾಗೆ ಕೇಳಿದವನಲ್ಲ. ನನಗಾಗಲೇ ತಿಳಿಯಬೇಕಿತ್ತು. "ಹಾಕು, ನನ್ನನ್ನೆಂತ ಕೇಳೋದು" ಎಂದೆ.

ಮಧುರಾ ಗೋಡೆಯ ತುಂಬ ಬಂದಳು. ಪರಿಮಳಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಅಳುತ್ತಿದ್ದಳು. ಆರತಿ ಬಂತು. ಕಂಬ, ಎರಡು ಹೆಜ್ಜೆ, ಬಲಗಡೆಯಿಂದ ಬೆರಳು. ಆದರೆ ಗೋಡೆಯ ಮೇಲೆ ಚಿತ್ರ ಅಲ್ಲಿಗೆ ಮುಗಿಯಲಿಲ್ಲ. ಟಿವಿಯಲ್ಲಿ ಎಂದೂ ಕಾಣದ ಒಂದು ಗೇಣು ಅಲ್ಲಿತ್ತು. ಬೆರಳಿನ ಹಿಂದೆ ಅಂಗೈ, ಅಂಗೈಯ ಹಿಂದೆ ಅಂಗಿಯ ತೋಳು, ಹೆಗಲ ಮೇಲಿನ ಶಾಲು, ಕಪ್ಪು ಕಟ್ಟಿನ ಕನ್ನಡಕದ ನನ್ನ ಅರ್ಧ ಮುಖ.

ಸುಭಾಷ ಬಿದ್ದು ಬಿದ್ದು ನಕ್ಕ. "ಓಹೋ, ಹೆಗಡೇರು ಬಂದ್ರು ನೋಡಿ! ಏನ್ರೀ ಅದು, ನಾಯಿ ಓಡಿಸ್ತಾ ಇದ್ರಾ?"

ಬೇರೆ ಯಾರೂ ನಗಲಿಲ್ಲ. ಅವನ ನಗುವೂ ನಿಂತಿತು.

"ಅಣ್ಣಯ್ಯ," ಎಂದಳು ಪರಿಮಳಾ, ಗೋಡೆಯಿಂದ ಕಣ್ಣು ತೆಗೆಯದೆ. "ಆ ಕೈ ನಿಂದಾ?"

"ಆ ಹೊತ್ತಿಗೆ, ಬೀಗರೆಲ್ಲ ಇದ್ದಿದ್ವಲೇ..."

"ಹೊತ್ತಿನ ಸುದ್ದಿ ಕೇಳಿದ್ನಿಲ್ಲೆ. ಕೈ ನಿಂದಾ?"

"ಹೌದು."

"ಒಂದು ವರ್ಷ ಆ ಗೋವಿಂದ ಭಾವಂಗೆ ಬೈಕತ್ತ ಇದ್ನಲ ಆನು. ನೀ ಕೇಳ್ಕತ್ತ ಕುಂತಿದ್ದೆ."

ವೆಂಕಟ್ರಮಣ ಎದ್ದು, "ಸಾಕು, ನಿಲ್ಸು ಮಾರಾಯ ಅದನ್ನ!" ಎಂದು ಚಂದ್ರಶೇಖರಪ್ಪನ ಮೇಲೆ ಹಾರಿಹೋದ. ಅವಳು ಕೈ ಅಡ್ಡ ಹಿಡಿದಳು. "ನಿಲ್ಸದು ಬ್ಯಾಡ. ಕೂಸಿನ ಒಪ್ಪಿಸದು ನೋಡಕ್ಕು ಎಂಗೆ. ಅವತ್ತು ಉಗ್ರಾಣದಲ್ಲಿ ಕುಂತಿದ್ದಿ. ನೋಡಲಾಗ್ದೇ ಇದ್ದವು ಹೊರಗೆ ಹೋಗಿ."

ಹೊರಗೆ ಹೋದವನು ನಾನೊಬ್ಬನೇ. ಸ್ವಲ್ಪ ಹೊತ್ತಿನಲ್ಲಿ ಚಂದ್ರಶೇಖರಪ್ಪನೂ ಮೆಟ್ಟಿಲಿಗೆ ಬಂದ. ಮೈಯೆಲ್ಲ ಉರಿದು, "ನಿನಗೆ ಗೊತ್ತಿತ್ತು!" ಎಂದು ಕೂಗಿದೆ.

"ಗೊತ್ತಿತ್ರಿ. ಕ್ಯಾಮರಾದ ಕಿಂಡ್ಯಾಗ ಎಲ್ಲಾ ಕಾಣ್ತೈತಿ. ಟಿವಿ ನಾಕೂ ಕಡಿಂದ ಒಂದೀಟು ನುಂಗ್ತೈತಿ, ಗ್ವಾಡಿ ನುಂಗಂಗಿಲ್ಲ."

"ಹಾಗಾದ್ರೆ ಮೊದಲೇ ಬಾಯಿ ಬಿಡೋಕೆ ಎಂತ ಆಗಿತ್ತು ನಿನಗೆ?"

"ನಾ ಯಾಕ ಬಿಡ್ಲಿ?" ಅವನ ದನಿ ನನ್ನದಕ್ಕಿಂತ ಮೇಲೇರಿತು. "ನಿಮಗ ಹೇಳೂದು ಬ್ಯಾಡ, ನಿಮ್ಮ ಕೈ ನಿಮಗ ಗೊತ್ತೈತಿ. ಅವ್ವಾರಿಗೆ ಹೇಳೂದು ನಿಮ್ಮ ಕೆಲಸ. ಒಂದು ವರ್ಷ ಕಾದೀನಿ. ಈಗಷ್ಟ, ಹಾಕ್ಲ್ಯಾ ಅಂತ ಕೇಳಲಿಲ್ಲೇನು? ಸರೀರಿ, ಒಳಗ ಡಿಸ್ಕ್ ಬದ್ಲಿ ಮಾಡಬೇಕು."

ಮರುದಿನ ಬೆಳಿಗ್ಗೆ ಪರಿಮಳಾ ಯಲ್ಲಾಪುರದ ಬಸ್ಸು ಹತ್ತಿದಳು. ಜೊತೆಗೆ ಬರುತ್ತೇನೆಂದರೆ, "ನೀ ಬರಡ" ಎಂದಳು. ಮಾಗೋಡಿನಲ್ಲಿ ಗೋವಿಂದನ ಎದುರು ನಿಂತು, ತಪ್ಪು ಎಣಿಸಿದೆ ಎಂದು ಕ್ಷಮೆ ಕೇಳಿಕೊಂಡಳಂತೆ. ಯಾರ ಕೈ ಎಂದು ಅವನು ಕೇಳಿದರೆ ಹೇಳಲಿಲ್ಲವಂತೆ. ನಾಲ್ಕನೆಯ ದಿನ ಮಧುರಾಳನ್ನು ಕರೆದುಕೊಂಡು ಬಂದಳು. ನನ್ನೊಡನೆ ಅವಳು ಮಾತು ಬಿಟ್ಟಿಲ್ಲ. ಆದರೆ "ಅಣ್ಣಯ್ಯ" ಎನ್ನುವ ಮೊದಲು ಒಂದು ಕ್ಷಣ ತಡೆಯುತ್ತಾಳೆ. ಆ ಒಂದು ಕ್ಷಣಕ್ಕೆ ಮದ್ದಿಲ್ಲ.

ಮುಂದಿನ ವರ್ಷ, ಪರವೂರಲ್ಲಿರುವ ನನ್ನ ಮಗನ ಮಗನ ಉಪನಯನ ನಮ್ಮ ಮನೆಯಲ್ಲಾದಾಗ, ಬೇರೆ ವಿಡಿಯೋದವನನ್ನು ಗೊತ್ತುಮಾಡಲು ಹೊರಟವನು, ಅದೇಕೋ ಚಂದ್ರಶೇಖರಪ್ಪನ ಅಂಗಡಿಯ ಪಾವಟಿಗೆಯನ್ನೇ ಹತ್ತಿದೆ. ಅವನು ಬಂದ, ಅದೇ ಕೋಟು, ಅದೇ ಗದರಿಕೆ, ಅದೇ ಹಿಂದೆ ಹಿಂದೆ ಇಡುವ ಹೆಜ್ಜೆ. ಆರತಿಯ ಹೊತ್ತಿಗೆ ಪರಿಮಳಾಳನ್ನು ನಾನೇ ಕರೆದೆ. ಅವಳು ಬಂದು ತಟ್ಟೆ ಹಿಡಿದಳು, ನನ್ನ ಕಡೆ ನೋಡಲಿಲ್ಲ. ನನ್ನೆರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ನಮ್ಮ ಎದುರೇ ಹಿಂದೆ ಹಿಂದೆ ಸರಿಯುತ್ತ, ನಾವು ಮರೆತು ಮುಂದೆ ಬಂದದ್ದನ್ನೆಲ್ಲ ನೋಡುತ್ತಲೇ ಇರುತ್ತಾರೆ. ತಾವಾಗಿ ಬಾಯಿ ಬಿಟ್ಟು ಹೇಳುವುದಿಲ್ಲ, ಕೇಳಿಕೊಂಡರೆ ಅಳಿಸುವುದೂ ಇಲ್ಲ. ಅವರನ್ನು ಪ್ರೀತಿಸುವುದು ಕಷ್ಟ, ಮನೆಯ ಶುಭಕಾರ್ಯಕ್ಕೆ ಕರೆಯುವುದು ಇನ್ನೂ ಕಷ್ಟ. ಆದರೂ ಕರೆಯುತ್ತೇವೆ, ಅವರಿರುವಷ್ಟು ಹೊತ್ತಾದರೂ ನಮ್ಮ ಕೈ ನಮ್ಮ ಹಿಡಿತದಲ್ಲಿರುತ್ತದೆ.